ಕೊಬ್ಬರಿ ಹರಿದ ಫೈನಲ್

ಶಿಕಾರಿಪುರದಲ್ಲಿ ಗೊಬ್ಬರದಂಗಡಿ ಇಟ್ಟಿರುವ ಚನ್ನೇಶನಿಗೆ ತನ್ನ ಬಗ್ಗೆ ಎರಡು ಸಂಗತಿ ಚೆನ್ನಾಗಿ ಗೊತ್ತಿದ್ದವು. ಹೋರಿ ಹಬ್ಬದ ಅಖಾಡದಲ್ಲಿ ಮೈಕು ಹಿಡಿದರೆ ಈಸೂರಿನಿಂದ ಅಂಜನಾಪುರದವರೆಗೆ ತನ್ನನ್ನು ಮೀರಿಸುವವರಿಲ್ಲ. ಮೈಕು ಕೆಳಗಿಟ್ಟರೆ ತನ್ನ ಮಾತು ಕೇಳುವವರೂ ಇಲ್ಲ, ಹೆಂಡತಿಯಂತೂ ಕೇಳುವುದೇ ಇಲ್ಲ. ಹೀಗಾಗಿ ಎಲ್ಲಾದರೂ ಮೈಕು ಸಿಗುತ್ತದೆ ಎಂದರೆ ಅವನು ಯಾರಾದರೂ ಕರೆಯುವುದಕ್ಕೆ ಮುಂಚೆಯೇ ಹೋಗಿ ಕೂರುವ ಆಸಾಮಿ.

ಸೊರಬದಲ್ಲಿ ಈ ವರ್ಷ ಮೊದಲ ಸಲ ಫುಟ್‌ಬಾಲ್ ಕಪ್ ನಡೆಸುತ್ತಾರೆ ಎಂಬ ಸುದ್ದಿ ಬಂದಾಗ ಅವನ ಊಟ ನಿದ್ದೆ ಎರಡೂ ಕೆಟ್ಟವು. ಸೊರಬ ಅವನ ಹೆಂಡತಿ ಗಂಗಾಶ್ರೀಯ ತವರು. ಮದುವೆಯಾದಾಗಿನಿಂದ ಅಲ್ಲಿ ಅಳಿಯನೆಂದು ಕೂರಿಸಿ ಹೋಳಿಗೆ ಬಡಿಸಿದ್ದಾರೆಯೇ ಹೊರತು ಮೈಕು ಕೊಟ್ಟಿಲ್ಲ. ಅಲ್ಲಿನ ಸಭೆ ಸಮಾರಂಭಗಳಿಗೆಲ್ಲ ರಾಜಪ್ಪನವರೆಂಬ ನಿವೃತ್ತ ಗುಮಾಸ್ತರದೇ ದನಿ. ಅವರು ಬಹುಮಾನ ಘೋಷಿಸಿದರೂ ಶ್ರದ್ಧಾಂಜಲಿ ಓದಿದ ಹಾಗೆ ಕೇಳುತ್ತದೆ. ಕಪ್ಪಿನ ಫೈನಲ್‌ಗೆ ಸೊರಬದ ಮೈದಾನದಲ್ಲಿ, ಮಾವನ ಮನೆಯವರೆಲ್ಲ ಕುಳಿತು ಕೇಳುವಾಗ, ಆ ಮೈಕು ತನ್ನ ಕೈಯಲ್ಲಿರಬೇಕು ಎಂದು ಚನ್ನೇಶನಿಗೆ ಎಷ್ಟು ಆಸೆಯಿತ್ತೆಂದರೆ, ಅಂಗಡಿಯಲ್ಲಿ ಯೂರಿಯಾ ಕೇಳಲು ಬಂದವರಿಗೂ ಅವನು ಕಾಮೆಂಟ್ರಿಯ ಧಾಟಿಯಲ್ಲೇ ಉತ್ತರ ಕೊಡತೊಡಗಿದ್ದ.

ದಾರಿ ತೋರಿಸಿದವನು ಮಧುಸೂದನ. ಚನ್ನೇಶನ ಕಾಲೇಜಿನ ಗೆಳೆಯ, ಈಗ ಸೊರಬದಲ್ಲಿ ಹಲ್ಲಿನ ಡಾಕ್ಟರು, ಫುಟ್‌ಬಾಲ್ ಎಂದರೆ ಅರ್ಧ ಕಿತ್ತ ಹಲ್ಲನ್ನು ಅಲ್ಲೇ ಬಿಟ್ಟು ಎದ್ದು ಬರುವ ಮನುಷ್ಯ.

"ಭಾನುವಾರ ಮಧ್ಯಾಹ್ನ ಸಮುದಾಯ ಭವನದಲ್ಲಿ ಒಂದು ಹಳೇ ಮ್ಯಾಚ್ ತೋರ್ಸ್ತಿದೀನಿ ಮಾರಾಯ" ಎಂದ ಅವನು ಫೋನಿನಲ್ಲಿ. "ಎಪ್ಪತ್ನಾಲ್ಕನೇ ಇಸವಿ ಯುರೋಪಿಯನ್ ಕಪ್ ಫೈನಲ್. ಸ್ಪೇನಿನ ಅಟ್ಲೆಟಿಕೊ ಮ್ಯಾಡ್ರಿಡ್, ಜರ್ಮನಿಯ ಬಾಯರ್ನ್ ಮ್ಯೂನಿಕ್. ಬೇಜಾರಿನ ಭಾಗ ಎಲ್ಲ ಕತ್ತರಿಸಿದೀನಿ. ಸೌಂಡ್ ತೆಗೆದುಬಿಡದು, ನೀನು ಕನ್ನಡದಲ್ಲಿ ಹೇಳದು. ಜನ ಮೆಚ್ಚಿದ್ರೆ ಕಪ್ಪಿನ ಮೈಕು ನಿಂಗೇ ಅಂತ ಸುಬ್ಬಪ್ಪನೋರು ಒಪ್ಪಿದಾರೆ."

ಸುಬ್ಬಪ್ಪನವರು ಅಕ್ಕಿ ಗಿರಣಿಯ ಧಣಿ, ಕಪ್ ಸಮಿತಿಯ ಅಧ್ಯಕ್ಷರು. ಅವರು ಒಪ್ಪಿದರೆ ಊರೇ ಒಪ್ಪಿದಂತೆ.

"ಯಾರು ಗೆದ್ರು ಅಂತ ಹೇಳಿಬಿಡ್ಲಾ? ಎಡವಟ್ಟಾಗದು ಬ್ಯಾಡ" ಎಂದ ಮಧುಸೂದನ.

"ಬ್ಯಾಡಪ್ಪ! ಹೋರಿ ಬಿಡಾಕ ಮುಂಚೇನ ಗೆದ್ದೋರ ಹೆಸರು ಗೊತ್ತಿದ್ರ ಬಾಯಿಗೆ ಬಿಸಿ ಬರಂಗಿಲ್ಲ" ಎಂದು ಚನ್ನೇಶ್ ಎದೆಯುಬ್ಬಿಸಿ ಹೇಳಿದ. ಎದೆಯುಬ್ಬಿಸಿದ್ದು ಫೋನಿನಲ್ಲಿ ಕಾಣುವುದಿಲ್ಲ ಎಂಬುದು ಅವನಿಗೆ ಆಮೇಲೆ ಹೊಳೆಯಿತು.

ಭಾನುವಾರ ಭವನ ತುಂಬಿತ್ತು. ಮುಂದಿನ ಸಾಲಿನಲ್ಲಿ ಬಿಳಿ ರುಮಾಲು ಸುತ್ತಿದ ಮಾವ ವೀರಬಸಪ್ಪನವರು, ಪಕ್ಕದಲ್ಲಿ ಸುಬ್ಬಪ್ಪನವರು. ಹಿಂದೆ ಹೆಂಗಸರ ಸಾಲಿನಲ್ಲಿ ಗಂಗಾಶ್ರೀ, ಈ ಗಂಡ ಇವತ್ತು ಏನು ಮಾಡಿಕೊಳ್ಳುತ್ತಾನೋ ಎಂಬ ಮುಖದಲ್ಲಿ ಕುಳಿತಿದ್ದಳು. ರಾಜಪ್ಪನವರೂ ಬಂದಿದ್ದರು. ಮೈಕಿನ ವೈರು ಜೋಡಿಸಿ ಕೊಟ್ಟವರು ಅವರೇ.

ಪರದೆಯ ಮೇಲೆ ಆಟ ಶುರುವಾದ ಕೂಡಲೇ ಚನ್ನೇಶನಿಗೆ ಒಂದು ತೊಡಕು ಎದುರಾಯಿತು. ಹೋರಿ ಹಬ್ಬದಲ್ಲಿ ಮಾಲೀಕನ ಹೆಸರು ಕೂಗದೆ ಯಾವ ಹೋರಿಯನ್ನೂ ಬಿಡುವುದಿಲ್ಲ. ಕೊರಳಲ್ಲಿ ಕೊಬ್ಬರಿ ಹಾರ ಕಟ್ಟಿದ ಹೋರಿ ಓಡುತ್ತದೆ, ಹುಡುಗರು ಆ ಕೊಬ್ಬರಿ ಹರಿಯಲು ನುಗ್ಗುತ್ತಾರೆ, ಹರಿಯಲು ಬಿಡದೆ ದಾಟಿದರೆ ಮಾಲೀಕ ಮೀಸೆ ತಿರುವುತ್ತಾನೆ. ಮಾಲೀಕನಿಲ್ಲದ ಆಟಕ್ಕೆ ಹೇಗೆ ಕೂಗುವುದು? ಅವನ ನಾಲಿಗೆಯೇ ಮುಂದೋಡಿ ಏರ್ಪಾಡು ಮಾಡಿಬಿಟ್ಟಿತು.

"ಕೆಂಪು ಬಿಳಿ ಪಟ್ಟೆ ಅಂಗಿ, ಅಟ್ಲೆಟಿಕೊ! ಮಾಲೀಕರು ಸೊರಬದ ವೀರಬಸಪ್ಪನೋರು! ಎದುರಿಗೆ ಜರ್ಮನಿಯ ಬಾಯರ್ನ್! ಮಾಲೀಕರು ಗಿರಣಿ ಸುಬ್ಬಪ್ಪನೋರು!"

ಭವನ ನಕ್ಕಿತು. ಆದರೆ ಸ್ವಲ್ಪ ಹೊತ್ತಿನಲ್ಲೇ ನಗು ನಿಂತು ಎರಡು ಪಕ್ಷಗಳು ಹುಟ್ಟಿದವು. ಅರ್ಧ ಭವನ ವೀರಬಸಪ್ಪನವರ ಕಡೆ, ಅರ್ಧ ಸುಬ್ಬಪ್ಪನವರ ಕಡೆ. ಸ್ಪೇನ್ ಎಲ್ಲಿದೆ ಎಂದು ಕೇಳಿದರೆ ಆನವಟ್ಟಿಯ ಆಚೆ ಎಂದಾರು, ಅಂಥವರೆಲ್ಲ ಪಟ್ಟೆ ಅಂಗಿಯವರ ಪರವಾಗಿ ಕುರ್ಚಿ ಗುದ್ದಿದರು. ಮಾವನವರು ಮೊದಲು ಸಂಕೋಚದಿಂದ ಕೂತಿದ್ದವರು ಬರಬರುತ್ತ "ಏ, ಅವನ್ನ ಬಿಡ್ಬ್ಯಾಡ, ಹಿಡಿ" ಎಂದು ಪರದೆಗೇ ಬುದ್ಧಿ ಹೇಳತೊಡಗಿದರು.

ತೊಂಬತ್ತು ನಿಮಿಷ ಮುಗಿದರೂ ಗೋಲಿಲ್ಲ. ಹೆಚ್ಚುವರಿ ಆಟವೂ ಮುಗಿಯುತ್ತ ಬಂದಾಗ ಪಟ್ಟೆ ಅಂಗಿಯವನೊಬ್ಬ ಫ್ರೀ ಕಿಕ್ ಒದ್ದ. ಚೆಂಡು ಗೋಡೆ ಕಟ್ಟಿ ನಿಂತವರನ್ನು ದಾಟಿ ಬಲೆಗೆ ಹೋಯಿತು. ಚನ್ನೇಶನ ಗಂಟಲಿನಿಂದ ಹೊರಟ ಸದ್ದಿಗೆ ಭವನದ ತಗಡು ನಡುಗಿತು. ಇನ್ನು ಕೆಲವೇ ನಿಮಿಷ. ಅವನಿಗೆ ತಡೆಯಲಾಗಲಿಲ್ಲ. ಸನ್ಮಾನಕ್ಕೆಂದು ಶಿಕಾರಿಪುರದಿಂದ ತಂದಿದ್ದ ಕೊಬ್ಬರಿ ಹಾರವನ್ನು ಎತ್ತಿಕೊಂಡ.

"ಮುಗೀತು! ಅಟ್ಲೆಟಿಕೊ ಯುರೋಪಿನ ಹುಲಿ! ಮಾಲೀಕರು ಎದ್ದು ನಿಲ್ಲಬೇಕು!"

ವೀರಬಸಪ್ಪನವರು ರುಮಾಲು ಸರಿಮಾಡಿಕೊಂಡು ಎದ್ದರು. ಚನ್ನೇಶ್ ಮಾವನ ಕೊರಳಿಗೆ ಹಾರ ಹಾಕಿದ. ಚಪ್ಪಾಳೆ ಇನ್ನೂ ಬೀಳುತ್ತಿತ್ತು, ಪರದೆಯ ಮೇಲೆ ಜರ್ಮನಿಯ ರಕ್ಷಣೆಯ ಆಟಗಾರನೊಬ್ಬ, ಅಲ್ಲಿಯತನಕ ಯಾರೂ ಗಮನಿಸದೆ ಇದ್ದವನು, ಬಲು ದೂರದಿಂದ ಒಂದು ಒದೆ ಒದ್ದ. ಅದು ನೆಲ ಹಿಡಿದು ಓಡಿ ಮೂಲೆಯಲ್ಲಿ ಬಲೆ ಸೇರಿತು. ಒಂದಕ್ಕೆ ಒಂದು.

ವೀರಬಸಪ್ಪನವರು ಹಾರ ಹಾಕಿಕೊಂಡು ನಿಂತೇ ಇದ್ದರು, ಕೂರಬೇಕೋ ನಿಲ್ಲಬೇಕೋ ತಿಳಿಯದೆ. ಚನ್ನೇಶನ ಬಾಯಿಂದ ತಾನಾಗಿಯೇ ಹೊರಬಿತ್ತು, ಮೈಕಿನಲ್ಲೇ: "ಅಯ್ಯೋ ಮಾವಾ... ಕೊಬ್ಬರಿ ಹರದ್ರಲ್ಲೋ!"

ಭವನ ಬಿದ್ದು ಬಿದ್ದು ನಕ್ಕಿತು. ಕೆಲವರು ಕಣ್ಣೊರೆಸಿಕೊಂಡರು. ಸುಬ್ಬಪ್ಪನವರು ಹೊಟ್ಟೆ ಹಿಡಿದುಕೊಂಡು ಮಾವನವರ ಹೆಗಲು ತಟ್ಟಿದರು. ಮಾವನವರೂ ನಗುತ್ತಲೇ ಕೂತರು. ಇದೆಲ್ಲ ಮೆಚ್ಚುಗೆ ಎಂದು ಬೇರೆ ಯಾರಿಗಾದರೂ ತಿಳಿಯುತ್ತಿತ್ತು. ಚನ್ನೇಶನಿಗೆ ಮಾತ್ರ ತನ್ನ ಮರ್ಯಾದೆಯನ್ನು ಸೊರಬದವರು ಹಂಚಿಕೊಂಡು ತಿನ್ನುತ್ತಿದ್ದಾರೆ ಎನಿಸಿತು. ನಲವತ್ತು ಹತ್ತಿರವಾದರೂ ನಗುವಿನಲ್ಲಿ ಮೆಚ್ಚುಗೆ ಯಾವುದು ಗೇಲಿ ಯಾವುದು ಎಂದು ಗುರುತಿಸಲು ಬಾರದ ಬುದ್ಧಿವಂತ ಅವನು.

ಈಗ ಪೆನಾಲ್ಟಿ ಎಂದು ಜನ ಕಾಯುತ್ತಿರುವಾಗ ಮಧುಸೂದನ ಎದ್ದು ನಿಂತ. "ಆಗ ಫೈನಲ್‌ಗೆ ಪೆನಾಲ್ಟಿ ಇರ್ಲಿಲ್ಲ. ಫೈನಲ್ ಸಮ ಆದ್ರೆ ಪೂರಾ ಆಟ ಇನ್ನೊಂದ್ಸಲ ಆಡದು. ಎರಡು ದಿನ ಬಿಟ್ಟು ಅಲ್ಲೇ ಮತ್ತೆ ಆಡಿದಾರೆ. ಮಂಡಕ್ಕಿ ಮಿರ್ಚಿ ತಿಂದು ಬನ್ನಿ, ಅದನ್ನೂ ನೋಡಣ."

ಮಂಡಕ್ಕಿಯ ಸಾಲಿನಲ್ಲಿ ಮಾವನವರು ಅಳಿಯನ ಪಕ್ಕಕ್ಕೆ ಬಂದರು. ಹಾರ ಇನ್ನೂ ಕೊರಳಲ್ಲೇ ಇತ್ತು. "ಅಳಿಯಂದ್ರೆ, ಇನ್ನೊಂದು ಆಟ ಐತಲ್ಲ, ನಮ್ಮ ಹುಡುಗ್ರು ಬಿಡಲ್ಲ ನೋಡಿ" ಎಂದರು.

ಎಂದೂ ಜೋರಾಗಿ ಒಂದು ಮಾತಾಡದ ಮುದುಕರು ಸ್ಪೇನಿನವರನ್ನು ನಮ್ಮ ಹುಡುಗರು ಎನ್ನುತ್ತಿದ್ದಾರೆ. ಚನ್ನೇಶನಿಗೆ ಹೆದರಿಕೆ ಹತ್ತಿತು. ಈ ಸಲ ಸೋತೇಬಿಟ್ಟರೆ? ಎರಡನೇ ಸಲವೂ ಮಾವನನ್ನು ನಿಲ್ಲಿಸಿ ನಗೆಪಾಟಲು ಮಾಡಿದರೆ? ಮೈಕು ಹೋಯಿತು, ಗಂಗಾಶ್ರೀಯ ಮುಖ ನೋಡುವ ಹಾಗಿಲ್ಲ. ಅವನು ಭವನದ ಹಿಂದೆ ನೀರಿನ ಟ್ಯಾಂಕಿನ ಮರೆಗೆ ಹೋಗಿ ಮೊಬೈಲು ತೆಗೆದ.

ಬಾಯಿಯ ಬಿಸಿಯ ಬಗ್ಗೆ ಅಷ್ಟು ದೊಡ್ಡ ಮಾತಾಡಿದವನು ಟ್ಯಾಂಕಿಗೆ ಒರಗಿಕೊಂಡು ಕಳ್ಳನ ಹಾಗೆ ಹುಡುಕಿದ. ಬಾಯರ್ನ್ ನಾಲ್ಕು, ಅಟ್ಲೆಟಿಕೊ ಸೊನ್ನೆ.

ಮೊದಲು ಬೇಸರವಾಯಿತು. ಆಮೇಲೆ ನಾಚಿಕೆಯಾಗಬೇಕಿತ್ತು, ಆಗಿದ್ದು ನೆಮ್ಮದಿ. ಈಗ ಎಡವುವ ಭಯವಿಲ್ಲ. ಉಳಿದದ್ದು ಮಾವನವರದೊಂದು ಚಿಂತೆ. ಅದಕ್ಕೂ ಅವನ ತಲೆಗೆ ಒಂದು ಉಪಾಯ ಹೊಳೆಯಿತು, ಅಂಥ ಉಪಾಯಗಳು ಅವನಿಗೆ ಹೊಳೆಯಲು ತಡವಾಗುವುದೇ ಇಲ್ಲ.

"ಹೊಸ ಆಟ, ಹೊಸ ಮಾಲೀಕರು!" ಎಂದು ಆಟ ಶುರುವಾಗುತ್ತಲೇ ಕೂಗಿದ. "ಈ ಸಲ ಬಾಯರ್ನ್ ವೀರಬಸಪ್ಪನೋರದ್ದು! ಅಟ್ಲೆಟಿಕೊ ಸುಬ್ಬಪ್ಪನೋರದ್ದು! ಇದು ಶಿಕಾರಿಪುರದ ಪದ್ಧತಿ!"

ಶಿಕಾರಿಪುರದಲ್ಲಿ ಅಂಥ ಪದ್ಧತಿ ಇಲ್ಲ, ಯಾವ ಊರಲ್ಲೂ ಇಲ್ಲ. ಅಖಾಡದ ನಡುವೆ ಹೋರಿ ಅದಲು ಬದಲು ಮಾಡಿಕೊಂಡವನನ್ನು ಊರೊಳಗೆ ಬಿಟ್ಟುಕೊಳ್ಳುವುದಿಲ್ಲ. ಸುಬ್ಬಪ್ಪನವರು ಹುಬ್ಬೇರಿಸಿದರು, ಆದರೆ ಊರಿನ ಅಳಿಯ ಎಂದು ಬಿಟ್ಟುಕೊಟ್ಟರು. ಮಾವನವರು ಮಾತ್ರ "ನಮ್ಮೋರು ಪಟ್ಟೆ ಅಂಗಿಯೋರಲ್ವಾ?" ಎಂದು ಪಕ್ಕದವರನ್ನು ಕೇಳಿದ್ದು ಚನ್ನೇಶನಿಗೆ ಕೇಳಿಸಿತು. ಕೇಳಿಸದವನಂತೆ ಮುಂದುವರಿದ.

ಈಗ ಅವನ ಕಾಮೆಂಟ್ರಿಯಲ್ಲಿ ತಪ್ಪು ಅಪರೂಪವಾಯಿತು. ಮೊದಲ ಗೋಲಿಗೆ ಮುಂಚೆ "ಇದು ಒಳಗೇ ಹೋಗಾದು" ಎಂದ, ಹೋಯಿತು. ಎರಡನೆಯದಕ್ಕೂ ಹಾಗೇ ಹೇಳಿದ. ಮೂರನೆಯದಕ್ಕೆ ಮುಂಚೆ ಎರಡು ಸಲ ಹೇಳಿ ಗೋಲಾಗದೆ ಮೂರನೇ ಸಲಕ್ಕೆ ಆಯಿತು. ಪಟ್ಟೆ ಅಂಗಿಯವರು ಕಾಲು ಸೋತು ಎಳೆದುಕೊಂಡು ಓಡುತ್ತಿದ್ದರು. ಎರಡು ದಿನದ ಹಿಂದೆ ಕೈಗೆ ಬಂದದ್ದು ಜಾರಿದ ದುಃಖ ಅವರ ಬೆನ್ನಿನಲ್ಲೇ ಕಾಣುತ್ತಿತ್ತು. ಮೊದಲ ಆಟದ ಚನ್ನೇಶನಾಗಿದ್ದರೆ ಅದನ್ನು ಹೇಳಿ ಭವನವನ್ನು ಅಳಿಸುತ್ತಿದ್ದ. ಈ ಚನ್ನೇಶನಿಗೆ ಗೋಲುಗಳನ್ನು ಎಣಿಸುವ ಕೆಲಸವಿತ್ತು. ಹಿಂದಿನ ಸಾಲಿನಿಂದ ಒಬ್ಬೊಬ್ಬರೇ ಎದ್ದು ಹೊರಗೆ ಹೋದರು. ತನ್ನ ದನಿ ತನಗೇ ಕೇಳಿಸಿತು. ಥೇಟ್ ರಾಜಪ್ಪನವರ ದನಿ.

ನಾಲ್ಕನೆಯದೂ ಬಿತ್ತು. ಆಟ ಮುಗಿದ ಮೇಲೆ ಅವನು ಕೂಗಿದ: "ಗೆದ್ದ ಬಾಯರ್ನಿನ ಮಾಲೀಕರು ವೀರಬಸಪ್ಪನೋರು ಎದ್ದು ನಿಲ್ಲಬೇಕು!"

ವೀರಬಸಪ್ಪನವರು ಎದ್ದರು. ಕೊರಳಲ್ಲಿದ್ದ ಹಾರವನ್ನು ತೆಗೆದು ಮಡಚಿ ಸುಬ್ಬಪ್ಪನವರ ತೊಡೆಯ ಮೇಲಿಟ್ಟರು.

"ಇದು ನಿಮ್ದು ಸುಬ್ಬಪ್ಪ. ಗೆದ್ದಿದ್ದು ನಿಮ್ಮ ಹೋರಿ" ಎಂದರು. ಆಮೇಲೆ ಅಳಿಯನ ಕಡೆ ತಿರುಗಿ, ಮೈಕಿಲ್ಲದೆಯೇ ಎಲ್ಲರಿಗೂ ಕೇಳುವಂತೆ ಹೇಳಿದರು: "ನಂದು ಸೋತಿದ್ದು. ಸೋತ್ರೂ ನಂದೇ ಅಲ್ವಾ ಅಳಿಯಂದ್ರೆ. ಸೋತ ಹೋರಿ ಅಂತ ಹಟ್ಟಿ ಬದಲಾಯ್ಸಕೆ ಆಗತ್ತಾ?"

ಈಗ ಭವನ ಚಪ್ಪಾಳೆ ತಟ್ಟಿತು, ಸೋತ ಮಾಲೀಕರಿಗೆ. ಚನ್ನೇಶನಿಗೆ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಹಿಂದಿನ ಸಾಲಿನಲ್ಲಿ ಗಂಗಾಶ್ರೀ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತ ನೆಲ ನೋಡುತ್ತಿದ್ದಳು. ಅವಳು ಬೈದಿದ್ದರೂ ಅವನಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

"ಎಲ್ಲ ಗೋಲೂ ಮೊದ್ಲೇ ಹೇಳಿದ್ರಲ್ರೀ, ಹ್ಯಾಗೆ ಗೊತ್ತಾತು?" ಎಂದರು ಸುಬ್ಬಪ್ಪನವರು.

"ಅನುಭವ ಕಣ್ರೀ" ಎಂದ ಚನ್ನೇಶ್.

"ಹೌದೌದು. ಮೊದ್ಲನೇ ಆಟದಲ್ಲಿ ಅದು ಇಲ್ದಿದ್ದಾಗ ನಮ್ಗೆಲ್ಲ ಎಷ್ಟು ಖುಷಿಯಾಗಿತ್ತು ಮಾರಾಯ್ರೆ" ಎಂದು ಅವರು ಮರುಕದಿಂದಲೇ ಅಂದರು. ಮೈಕು ತನ್ನದಾಗಿದ್ದ ಗಳಿಗೆ ಯಾವುದು ಎಂಬುದು ಚನ್ನೇಶನಿಗೆ ಆಗ ತಿಳಿಯಿತು. ಮಾವನ ಕೊರಳಿಗೆ ಹಾರ ಹಾಕಿ, ಗೋಲು ಬಿದ್ದು, ಬಾಯಿಗೆ ಬಂದದ್ದನ್ನು ಕೂಗಿದ್ದನಲ್ಲ, ಆಗ. ಅದನ್ನು ಅವನು ಮಂಡಕ್ಕಿ ತಿನ್ನುವುದರೊಳಗೆ ಟ್ಯಾಂಕಿನ ಹಿಂದೆ ಬಿಟ್ಟು ಬಂದಿದ್ದ.

ಸೊರಬದವರು ಅಳಿಯನಿಗೆ ಇಲ್ಲ ಎನ್ನುವವರಲ್ಲ. ಸುಬ್ಬಪ್ಪನವರು ಗಂಟಲು ಸರಿಮಾಡಿಕೊಂಡು ಎದ್ದು ನಿಂತರು.

"ನಮ್ಮೂರ ಅಳಿಯಂದ್ರು ಬಿಸಿಲಲ್ಲಿ ಮೈಕು ಹಿಡ್ಕಂಡು ನಿಲ್ಲದು ನಮ್ಗೆ ಮರ್ಯಾದೆ ಅಲ್ಲ. ಕಪ್ಪಿನ ಫೈನಲ್‌ಗೆ ಚನ್ನೇಶ್ ಅವರೇ ಮುಖ್ಯ ಅತಿಥಿ. ವೇದಿಕೆ ಮೇಲೆ, ಪೆಂಡಾಲಿನ ಕೆಳಗೆ, ದೊಡ್ಡ ಕುರ್ಚಿ."

ಆ ಮಧ್ಯಾಹ್ನದ ಅತಿ ದೊಡ್ಡ ಚಪ್ಪಾಳೆ ಬಿದ್ದದ್ದು ಆಗ. ಅಳಿಯನಾದವನಿಗೂ ಇಲ್ಲ ಎನ್ನುವ ಹಕ್ಕಿಲ್ಲ. ಚನ್ನೇಶ್ ಎರಡೂ ಕೈ ಜೋಡಿಸಿ ಭವನಕ್ಕೆ ನಮಸ್ಕಾರ ಮಾಡಿದ, ಮಾಡಬೇಕೆಂದರೆ ಕೈ ಖಾಲಿ ಇರಬೇಕಲ್ಲ. ಮೈಕನ್ನು ರಾಜಪ್ಪನವರು ಆಗಲೇ ಮೆಲ್ಲಗೆ ತೆಗೆದುಕೊಂಡಿದ್ದರು.