ಬಾಕಿ ಉಳಿದ ಆರು ಪುಟ

ಆ ಬೆಳಿಗ್ಗೆ ಗಾಳಿ ನಿಂತುಹೋಗಿತ್ತು. ತಮಿಳು ಪಂಚಾಂಗದ ಆಡಿ ತಿಂಗಳು ಹುಟ್ಟಿದಾಗಿನಿಂದ ಪಾಲಕ್ಕಾಡಿನ ಕಣಿವೆಯಿಂದ ನುಗ್ಗಿ ಬಂದು ತೆಂಗಿನ ಗರಿಗಳನ್ನು ಹಗಲಿರುಳು ಜಗ್ಗಾಡುತ್ತಿದ್ದ ಗಾಳಿ, ಯಾರೋ ಗದರಿಸಿ ಕೂರಿಸಿದ ಹಾಗೆ, ನಸುಕಿನಲ್ಲಿ ಸುಮ್ಮನಾಗಿತ್ತು. ಮೋಡ ಮಾತ್ರ ಕದಲದೆ ತಗ್ಗಿ ಕೂತಿತ್ತು. ಸೂಲೂರಿನಾಚೆಯ ನೇಕಾರರ ಬೀದಿಯಲ್ಲಿ ರಂಗನಾಯಕಿ ಬಾಗಿಲಿಗೆ ನೀರು ಹಾಕಿ ರಂಗೋಲಿಗೆ ಬಗ್ಗಿದಳು. ಇಪ್ಪತ್ತು ದಿನದಿಂದ ಹಾರಿಹೋಗುತ್ತಿದ್ದ ಹಿಟ್ಟು ಇವತ್ತು ಬಿಟ್ಟ ಗೆರೆಯಲ್ಲೇ ಕೂತಿತು. ಅದು ಅವಳಿಗೆ ಹಿಡಿಸಲಿಲ್ಲ. "ಅಮ್ಮಾ ಚೌಡೇಶ್ವರಿ" ಎಂದು ಎದ್ದಳು.

ಒಳಗೆ ಫೋನಿನಲ್ಲಿ ಜಯಪ್ರಿಯಾಳ ದನಿ ಬಂದು ಕಾದಿತ್ತು.

"ಅಕ್ಕಾ, ಕತೆ ಪೂರಾ ಕೇಳ್ದೆ. ನನಗೇ ಯಾಕೆ ಇದನ್ನ ಹೇಳಿದ್ರಿ ಅಂತ ಕೊನೇಲಿ ತಿಳೀತು. ಅವಳು ಮಾಡಿದ್ದೇ ಸರಿ. ಎಂಟು ತಿಂಗಳಾದ್ಮೇಲೆ ಇವತ್ತೇ ಮನಸ್ಸು ತಣ್ಣಗಿದೆ. ರೊಂಬ ನನ್ರಿ ಅಕ್ಕಾ."

ಅಷ್ಟೇ. ಉಪಕಾರ ನೆನೆಯುವ ಆ ಮಾತಿನಲ್ಲಿ ಅಳು ಇಲ್ಲ, ನಡುಕವಿಲ್ಲ. ರಂಗನಾಯಕಿ ಎರಡನೇ ಸಲ ಕೇಳಿದಳು. ಕತೆ ಪೂರಾ ಎಂದರೆ? ಪೂರಾ ಎಲ್ಲಿ ಆಗಿತ್ತು?

ಚೌಡೇಶ್ವರಿ ಗುಡಿಯ ಮಂಟಪದಲ್ಲಿ ಶುಕ್ರವಾರ ಕೂಡುತ್ತಿದ್ದ ಏಳು ಹೆಂಗಸರ ಕೂಟ ಅವರದು. ತಾನು ಓದಿ ಮನಸ್ಸಿಗೆ ಹಿಡಿದ ಪುಸ್ತಕವನ್ನು ಇನ್ನೊಬ್ಬಳಿಗೆ ಹೇಳುವುದು, ಅವಳು ಓದುವುದು, ಅಷ್ಟೇ ನೇಮ. ಸತ್ಯಾ ಹೇಳುವ ಪುಸ್ತಕಗಳಲ್ಲಿ ಮೂರನೇ ಪುಟಕ್ಕೇ ಕೊಲೆಯಾಗುತ್ತಿತ್ತು. ಪಕ್ಕದ ಮನೆಯ ಕಣ್ಣಮ್ಮ ಹೇಳುವುದರಲ್ಲಿ ಅತ್ತೆ ಸೊಸೆಯರು ಕೊನೆಗೆ ತಪ್ಪದೆ ರಾಜಿಯಾಗುತ್ತಿದ್ದರು. ಎಲ್ಲ ತಮಿಳು ಪುಸ್ತಕಗಳೇ. ಮನೆಯಲ್ಲಿ ಕನ್ನಡ ಆಡಿದರೂ ಅದರ ಅಕ್ಷರ ಬಲ್ಲವಳು ರಂಗನಾಯಕಿ ಒಬ್ಬಳೇ, ಅದೂ ಅಪ್ಪ ಕೂರಿಸಿ ತಿದ್ದಿಸಿದ್ದರಿಂದ. ಆದ್ದರಿಂದ ಅವಳು ತನ್ನ ಪುಸ್ತಕವನ್ನು ಫೋನಿಗೆ ಓದಿ, ಆ ದನಿಯನ್ನು ಕೂಟದ ಎಲ್ಲರಿಗೂ ಕಳಿಸುತ್ತಿದ್ದಳು. ಬೀದಿ ತುಂಬ ವಿದ್ಯುತ್ ಮಗ್ಗ. ಅವು ಓಡುವಾಗ ಪಕ್ಕದಲ್ಲಿ ಕೂತವರ ಮಾತೇ ಕೇಳದು. ತಿಂಗಳಿಗೊಂದು ದಿನ, ತಂತಿ ರಿಪೇರಿಗೆಂದು ಒಂಬತ್ತರಿಂದ ನಾಲ್ಕರವರೆಗೆ ಕರೆಂಟ್ ನಿಲ್ಲಿಸುವ ದಿನವೇ ಅವಳ ಓದಿನ ದಿನ.

ನಿನ್ನೆ ಆ ದಿನ. ಹೊದಿಕೆ ಹರಿದುಹೋಗಿ ಹೆಸರೂ ಉಳಿಯದ ಅಪ್ಪನ ಕಾಲದ ಪುಸ್ತಕ. ಮಗನನ್ನು ಕಳೆದುಕೊಂಡ ಒಬ್ಬ ತಾಯಿಯ ಕತೆ. ಜಯಪ್ರಿಯಾಳ ಆರು ವರ್ಷದ ಮಗಳು ಜ್ವರದಲ್ಲಿ ಹೋಗಿ ಎಂಟು ತಿಂಗಳು. ಅವಳಿಗೆಂದೇ ರಂಗನಾಯಕಿ ಇದನ್ನು ಆರಿಸಿದ್ದಳು. "ಯಾಕೆ ಅಂತ ಈಗ ಕೇಳಬೇಡ ಕಣ್ಣು, ಕೊನೇಲಿ ನಿನಗೇ ತಿಳಿಯುತ್ತೆ" ಎಂದಿದ್ದಳು. ಕತೆ ಬಲ್ಲವರು ಕೊನೆಯನ್ನು ಮೊದಲೇ ಬಿಟ್ಟುಕೊಡುವುದುಂಟೇ?

ಅಪ್ಪ ಕಲಿಸಿದ ಒಂದು ಕಟ್ಟಳೆ ಇತ್ತು. ಸಾವಿನ ಕಡೆಗೋ ನೀರಿನ ಕಡೆಗೋ ಹೊರಟವರನ್ನು ಹಾಗೇ ಬಿಟ್ಟು ಓದು ನಿಲ್ಲಿಸಬಾರದು; ಅವರು ದಡ ಸೇರುವವರೆಗೆ ಓದಿಯೇ ಏಳಬೇಕು. ಆದರೆ ಮೂರು ಗಂಟೆಗೇ, ಇನ್ನೂ ಆರು ಪುಟ ಇರುವಾಗಲೇ, ಕರೆಂಟ್ ಬಂದುಬಿಟ್ಟಿತು. ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ಬಡಿದವು. "ತಿರುಪ್ಪೂರಿನ ಲಾರಿ ಸಂಜೆಗೇ ಬರುತ್ತೆ, ಏಳೇ!" ಎಂದು ಗಂಡ ರಾಮಸಾಮಿ ಕೂಗಿದ. ಓದಿದಷ್ಟನ್ನು ಕಳಿಸಿ ಅವಳು ಎದ್ದಳು. ಮಗ್ಗ ನಿಂತಾಗ ಊರು ಮಲಗಿತ್ತು. ಉಳಿದದ್ದು ನಾಳೆಗಾಯಿತು ಎಂದುಕೊಂಡು ಅವಳೂ ಮಲಗಿದ್ದಳು.

ಈಗ ಜಯಪ್ರಿಯಾಳಿಗೆ ಫೋನ್ ಹಚ್ಚಿದಳು. ಆರಿಸಿಟ್ಟಿತ್ತು. ಅವಳ ಗಂಡ ಭೂಪತಿಗೆ ಹಚ್ಚಿದಳು. ರಿಂಗಾಗುತ್ತಲೇ ಇತ್ತು. ರಂಗನಾಯಕಿ ಪುಸ್ತಕವನ್ನು ಕಂಕುಳಲ್ಲಿ ಇರುಕಿಕೊಂಡು ಬೀದಿಗಿಳಿದಳು.

"ಏನು ರಂಗಕ್ಕಾ, ಕೋಳಿ ಕೂಗೋ ಹೊತ್ತಿಗೇ ಪುಸ್ತಕ? ಪರೀಕ್ಷೆ ಬರೆಯೋಕಾ?" ಪಾತ್ರೆ ಉಜ್ಜುತ್ತಿದ್ದ ಕಣ್ಣಮ್ಮ ನಕ್ಕಳು. ಆಮೇಲೆ ನಗು ಇಳಿಯಿತು. "ನಾನೂ ಕೇಳ್ದೆ ಅಕ್ಕಾ. ಅಷ್ಟು ಒಳ್ಳೇ ಹೆಂಗಸನ್ನ ಸೊಂಟದ ಮಟ್ಟ ನೀರಿಗಿಳಿಸಿ, 'ತಾಯಿ, ಎಲ್ಲರಿಗೂ ಒಳ್ಳೇದಾಗಲಿ' ಅಂತ ಮುಗಿಸಿಬಿಟ್ರಲ್ಲಾ. ಇದನ್ನ ಹೋಗಿ ಪ್ರಿಯಾಗೆ ಹೇಳೋದಾ? ನಿಮ್ಮ ಬುದ್ಧಿ ಎಲ್ಲಿ ಹೋಗಿತ್ತು?"

ಆ ಕೊನೆಯ ಸಾಲು ಕತೆಯದಲ್ಲ, ರಂಗನಾಯಕಿಯದು. ಪುಸ್ತಕ ಮಡಚುವಾಗಲೆಲ್ಲ ಕೈ ಮುಗಿದು ಹೇಳುವ ಮಾತು ಅದು. ಕೆಟ್ಟ ಗಳಿಗೆಯಲ್ಲಿ ನಿಲ್ಲಿಸಿದ ತಪ್ಪಿಗೆ ನಿನ್ನೆ ಇನ್ನೂ ಗಟ್ಟಿಯಾಗಿ ಹೇಳಿದ್ದಳು. ಫೋನು ಅದನ್ನೂ ಹಿಡಿದಿತ್ತು.

"ಅದು ಕೊನೆ ಅಲ್ಲ ಕಣ್ಣಮ್ಮಾ" ಎಂದವಳೇ ಬೀದಿಯ ತುದಿಯಲ್ಲಿ ನಿಂತಿದ್ದ ಕುಮರೇಶನ್‌ನ ಆಟೋ ಹತ್ತಿದಳು.

ಜಯಪ್ರಿಯಾಳ ತೋಟಕ್ಕೆ ಆರು ಮೈಲಿ. ದಾರಿಯ ಎರಡೂ ಬದಿ ಜೋಳದ ತೆನೆ ಅಲುಗಾಡದೆ ನಿಂತಿತ್ತು. ಕುಮರೇಶನ್ ಕನ್ನಡಿಯಲ್ಲಿ ಅವಳನ್ನು ನೋಡಿದ.

"ಯಾರಿಗಾದ್ರೂ ಮೈ ಸರಿಯಿಲ್ವಾ ಅಕ್ಕಾ?"

"ಒಬ್ಬಳಿಗೆ ಒಂದು ಮಾತು ಹೇಳೋದು ಬಾಕಿ ಇದೆ. ಸೀಕ್ರಂ, ಬೇಗ ಹೋಗಪ್ಪಾ."

"ಫೋನಲ್ಲಿ ಹೇಳೋದು ತಾನೆ?"

"ಫೋನಲ್ಲಿ ಹೇಳಿದ್ದಕ್ಕೇ ಹೀಗಾಗಿದ್ದು."

ತೋಟದ ಮನೆಯ ಜಗಲಿಯಲ್ಲಿ ಜಯಪ್ರಿಯಾಳ ಅತ್ತೆ ಸಾಮಿಯಾತಾಳ್ ಹುರುಳಿ ಕೇರುತ್ತಿದ್ದಳು. ರಂಗನಾಯಕಿಯನ್ನು ಕಂಡು ಮೊರ ಪಕ್ಕಕ್ಕಿಟ್ಟು, ಎರಡೂ ಕೈಯಲ್ಲಿ ಅವಳ ಕೆನ್ನೆ ನೇವರಿಸಿ ನೆಟಿಗೆ ಮುರಿದಳು.

"ನೂರು ವರ್ಷ ಬಾಳು ಸಾಮಿ. ನಿನ್ನ ಕತೆ ಕೇಳಿದ್ಮೇಲೆ ನನ್ನ ಸೊಸೆ ಹೊಸಬಳಾಗಿದಾಳೆ. ಹೊತ್ತಿಗೆ ಮುಂಚೆ ಎದ್ದು ತಲೆಗೆ ನೀರು ಹಾಕ್ಕೊಂಡು, ಎಂಟು ತಿಂಗಳಿಂದ ಮುಟ್ಟದಿದ್ದ ಮಗೂ ಬಟ್ಟೆಯೆಲ್ಲ ಮಡಚಿಟ್ಟಳು. ನನ್ನ ಕಾಲಿಗೂ ಬಿದ್ದಳು ನೋಡು, ಹಬ್ಬವೂ ಇಲ್ಲ ಏನೂ ಇಲ್ಲ!"

"ಈಗ ಎಲ್ಲಿ?"

"ಬಾವಿ ಕಡೆ ಹೋದ್ಲು. ಮೋಟರ್ ಹಾಕೋಕಿರಬೇಕು."

ಮೋಟರಿನ ಸದ್ದು ಎಲ್ಲಿಯೂ ಇರಲಿಲ್ಲ.

ತೆಂಗಿನ ಸಾಲು ದಾಟಿದರೆ ಬಾವಿ. ನಾಲ್ಕೂ ಕಡೆ ಕಲ್ಲು ಕಟ್ಟಿ ಮೆಟ್ಟಿಲಿಳಿಸಿದ ಹಳೆಯ ಬಾವಿ. ರಂಗನಾಯಕಿ ಅಂಚಿಗೆ ಬಂದು ಇಣುಕಿದಳು. ಕೆಳಗಿನ ಮೆಟ್ಟಿಲಲ್ಲಿ ಜಯಪ್ರಿಯಾ ನಿಂತಿದ್ದಳು. ಸೀರೆಯ ಅಂಚು ನೀರಲ್ಲಿ ಹರಡಿ ತೇಲುತ್ತಿತ್ತು. ನೀರು ಕರಿಗಲ್ಲಿನ ಹಾಗೆ ನಯವಾಗಿತ್ತು.

ಕೂಗಿದರೆ ಬೆದರುತ್ತಾಳೆ. ಓಡಿ ಇಳಿದರೆ ತಾನು ಮುಟ್ಟುವ ಮೊದಲೇ ಅವಳು ಇಳಿದಾಳು. ರಂಗನಾಯಕಿ ಮೇಲಿನ ಮೆಟ್ಟಿಲಲ್ಲಿ ಕೂತಳು. ಪುಸ್ತಕ ತೆರೆದು, ತಾಯಿ ಚೌಡೇಶ್ವರಿಯನ್ನು ನೆನೆದು, ನಿನ್ನೆ ಬಿಟ್ಟ ಸಾಲಿನಿಂದ ಓದತೊಡಗಿದಳು.

ಹೊಳೆಯ ಆಚೆ ದಡದಿಂದ ಒಂದು ದನಿ ಬರುತ್ತದೆ. ಸೂಲಗಿತ್ತಿಯ ದನಿ. "ಯಾರಮ್ಮಾ ಅಲ್ಲಿ? ಇಲ್ಲೊಬ್ಬಳು ಹೆರುತ್ತಾ ಇದಾಳೆ, ದೀಪ ಹಿಡಿಯೋಕೆ ಇನ್ನೊಂದು ಕೈ ಇಲ್ಲ." ನೀರಲ್ಲಿ ನಿಂತವಳಿಗೆ ಮೊದಲು ಸಿಟ್ಟು ಬರುತ್ತದೆ. ದನಿ ಮತ್ತೆ ಕರೆಯುತ್ತದೆ. ಅವಳು "ಬಂದೆ" ಎನ್ನುತ್ತಾಳೆ. ದೇವರು ಕಾಣಿಸುವುದಿಲ್ಲ, ಹೋದ ಮಗ ಮರಳುವುದಿಲ್ಲ. ಬೆಳಗಾಗುವವರೆಗೆ ಅವಳು ದೀಪ ಹಿಡಿದು ನಿಲ್ಲುತ್ತಾಳೆ, ಅಷ್ಟೇ.

ಕಲ್ಲಿನ ಗೋಡೆಗಳು ಓದನ್ನು ಕೆಳಕ್ಕೆ ಒಯ್ದವು. ಜಯಪ್ರಿಯಾ ತಿರುಗಲಿಲ್ಲ.

"ಕಟ್ಟಿ ಹೇಳ್ತಿದೀರಿ" ಎಂದಳು.

"ಇಲ್ಲ ಕಣ್ಣು. ಕರೆಂಟ್ ಬಂತು, ನಿಲ್ಲಿಸಿಬಿಟ್ಟೆ. ತಪ್ಪು ನಂದು. ಪುಸ್ತಕದಲ್ಲೇ ಇದೆ, ಮೇಲೆ ಬಂದು ನೋಡು."

"ನೋಡಿ ಏನು ಮಾಡ್ಲಿ? ನನಗೆ ಆ ಅಕ್ಷರ ಬರುತ್ತಾ? ನನ್ನ ಮೇಲೆತ್ತೋಕೆ ಯಾರು ಬೇಕಾದ್ರೂ ಯಾವ ಸುಳ್ಳು ಬೇಕಾದ್ರೂ ಹೇಳ್ತಾರೆ." ಅವಳ ಕಾಲು ಒಂದು ಮೆಟ್ಟಿಲು ಕೆಳಗಿಳಿಯಿತು. ನೀರು ಮೊಣಕಾಲು ಮುಚ್ಚಿತು.

ರಂಗನಾಯಕಿ ಪುಟದ ಮೇಲೆ ಅಂಗೈ ಊರಿದಳು. ಆಣೆ ಇಡಲೇ? ಆಣೆಯನ್ನೂ ಸುಳ್ಳೆಂದಾಳು.

"ಮತ್ತೆ ಓದಿ" ಎಂದಳು ಜಯಪ್ರಿಯಾ. "ನಮ್ಮ ಅಜ್ಜಿ ಬಾಯಿಂದ ಕತೆ ಕಟ್ಟೋಳು. ಒಂದು ಸಲ ಹೇಳಿದ ಹಾಗೆ ಇನ್ನೊಂದು ಸಲ ಹೇಳ್ತಿರಲಿಲ್ಲ. ಓದಿ, ಕೇಳ್ತೀನಿ."

ರಂಗನಾಯಕಿ ಓದಿದಳು. ಹೆದರಿಕೆಗೆ ಅಕ್ಷರಗಳು ಕೂಡಿಕೊಳ್ಳುತ್ತಿದ್ದವು. ಬೆರಳಿಟ್ಟು ಓದಿದಳು. ಒಂದು ಮಾತು ಹಿಂದು ಮುಂದಾದರೆ ಏನಾದೀತು ಎಂಬುದು ಅವಳಿಗೆ ಗೊತ್ತಿತ್ತು. ಆರನೇ ಪುಟ ಮುಗಿಯಿತು. ಕೆಳಗಿನಿಂದ ದನಿ ಬಂತು.

"ಇನ್ನೊಂದು ಸಲ."

ಮೂರನೇ ಸಲ, ಸೂಲಗಿತ್ತಿ ಕರೆಯುವ ಜಾಗದಲ್ಲಿ, ಕೆಳಗಿನಿಂದ ಮೆಲ್ಲನೆಯ ದನಿಯೊಂದು ಸೇರಿತು. "ದೀಪ ಹಿಡಿಯೋಕೆ ಇನ್ನೊಂದು ಕೈ ಇಲ್ಲ." ಪುಸ್ತಕದಲ್ಲಿದ್ದ ಹಾಗೇ, ಒಂದಕ್ಷರ ತಪ್ಪದೆ. ರಂಗನಾಯಕಿ ತಲೆಯೆತ್ತಲಿಲ್ಲ, ನಿಲ್ಲಿಸಲೂ ಇಲ್ಲ. ಒದ್ದೆ ಸೀರೆ ಕಲ್ಲಿಗೆ ಉಜ್ಜುವ ಸದ್ದು ಒಂದೊಂದೇ ಮೆಟ್ಟಿಲು ಮೇಲೆ ಬರುತ್ತಿತ್ತು. ನಡುವೆ ಎಷ್ಟೋ ಹೊತ್ತು ನಿಂತಿತು. ಮತ್ತೆ ಬಂತು.

ಜಯಪ್ರಿಯಾ ಪಕ್ಕದಲ್ಲಿ ಕೂತಾಗ ಅವಳ ಕಾಲಿನಿಂದ ನೀರಿಳಿದು ಇಬ್ಬರ ನಡುವೆ ಹರಿಯಿತು. ಅವಳ ಕಣ್ಣು ಇನ್ನೂ ಕೆಳಗಿನ ನೀರಿನ ಮೇಲೇ ಇತ್ತು. ರಂಗನಾಯಕಿ, ನಿನ್ನೆ ಮೂರು ಗಂಟೆಗೇ ಸಲ್ಲಬೇಕಿದ್ದ ಆ ಆರು ಪುಟಗಳನ್ನು, ಪುಸ್ತಕ ಮುಚ್ಚದೆ, ಅವಳ ಮಡಿಲಲ್ಲಿ ಇಟ್ಟಳು.