ಖಾಲಿ ಜಾಗಕ್ಕೆ ಬಾಗಿದ ಗೆರೆ

ನಕ್ಷೆಯಲ್ಲಿ ಗೆರೆ ನೆಟ್ಟಗಿದ್ದರೆ ನನಗೇನೂ ಅನ್ನಿಸುವುದಿಲ್ಲ. ಬಾಗಿದರೆ ಮಾತ್ರ ತಲೆಯೊಳಗೆ ಹುಳ ಬಿಟ್ಟ ಹಾಗಾಗುತ್ತದೆ. ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡುವವಳ ಚಾಳಿ ಇದು. ಹಳೇಬೀಡಿನಲ್ಲಿ ಸರಕು ಸಾಗಣೆ ಕಾರಿಡಾರಿನ ಹೊಸ ನಕ್ಷೆ ಅಂಟಿಸಿದ ದಿನ ಎಲ್ಲರೂ ಜಗಳಕ್ಕೆ ನಿಂತರು, ನಾನು ನಕ್ಷೆ ನೋಡುತ್ತಾ ನಿಂತೆ.

ಒಳನಾಡಿನ ಸರಕು ಮಂಗಳೂರು ಬಂದರು ಸೇರಿ, ಹಡಗು ಹತ್ತಿ, ಅರಬ್ ದೇಶ ದಾಟಿ ಯುರೋಪಿಗೆ ಹೋಗುವ ದಾರಿಯಂತೆ ಅದು. ನಮ್ಮ ಕಡೆ ಎಲ್ಲಿ ಹಾಯಬೇಕು ಅನ್ನುವುದಕ್ಕೆ ವರ್ಷದಿಂದ ಕಿತ್ತಾಟ. ಅರಸೀಕೆರೆಯವರು ನಮ್ಮ ಜಂಕ್ಷನ್ನಿಗೇ ಬರಲಿ, ಆದರೆ ಕಣಕಟ್ಟೆಯ ತೆಂಗಿನ ತೋಟ ಮುಟ್ಟಬೇಡಿ ಅಂದರು. ಬೇಲೂರಿನವರು ದೇಶವಿದೇಶದ ಜನವೆಲ್ಲ ನಮ್ಮಲ್ಲಿಗೆ ಬರುವಾಗ ಸರಕು ಮಾತ್ರ ಯಾಕೆ ಬೇರೆ ಕಡೆ ಹೋಗಬೇಕು ಅಂದರು. ಹುಲಿಕೆರೆ ಪಕ್ಕದ ನಮ್ಮ ಕಾಲೋನಿಯವರನ್ನು ಯಾರೂ ಕೇಳಲಿಲ್ಲ. ಆದರೂ ಮೊದಲ ನಕ್ಷೆಯಲ್ಲಿ ದೂರವಿದ್ದ ಗೆರೆ ಈಗ ಬಾಗಿ ಬಂದು, ನಾವು ಸತ್ತವರನ್ನು ಮಣ್ಣು ಮಾಡುವ ಜಾಗದ ಮೇಲೆ ಮಲಗಿತ್ತು.

ನನ್ನ ತಾತ ಕರಿಯಯ್ಯ ಇರುವುದು ಅಲ್ಲಿ. ಅವನ ಮಗ್ಗುಲಿಗೇ ತನ್ನನ್ನೂ ಇಡಬೇಕು ಅಂತ ಅಜ್ಜಿ ಮಾರಮ್ಮ ಜಾಗ ಹಿಡಿದಿದ್ದಾಳೆ, ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ.

ರಿಟೈರ್ಡ್ ಗುಮಾಸ್ತ, ಕಾಲೋನಿ ಸಂಘದ ಅಧ್ಯಕ್ಷ, ನನ್ನಪ್ಪ ಭೀಮರಾಜ್ ಕುದಿಯುತ್ತಿದ್ದರು. "ಬೇಕಂತ್ಲೇ ನಮ್ಮ ಮೇಲೆ ತಂದವ್ರೆ. ದೊಡ್ಡೋರ ಕೈವಾಡ ಐತೆ ಇದ್ರಲ್ಲಿ." ಸಿಟ್ಟು ನನಗೂ ಬಂದಿತ್ತು. ಆದರೆ ಯಾರ ಕೈ, ಯಾಕೆ ಇಲ್ಲೇ ಅನ್ನುವುದು ತಿಳಿಯದೆ ನನಗೆ ಸಿಟ್ಟು ಮಾಡಿಕೊಳ್ಳಲೂ ಸರಿಯಾಗಿ ಬರುವುದಿಲ್ಲ.

ಆಕ್ಷೇಪಣೆ ಕೇಳಲು ಯೋಜನೆಯ ಅಧಿಕಾರಿ ಮೇಧಿನಿ ಆ ಮಣ್ಣಿನ ಜಾಗಕ್ಕೇ ಬಂದರು. ಅಜ್ಜಿಯೂ ಸೇರಿ ಕಾಲೋನಿಯವರೆಲ್ಲ ಅಲ್ಲಿ ನೆರೆದಿದ್ದೆವು. ನಮಸ್ಕಾರ ಮುಗಿಯುವ ಮೊದಲೇ ಕೇಳಿಬಿಟ್ಟೆ, "ಗೆರೆ ಇಲ್ಲಿ ಬಾಗಿದ್ದು ಯಾಕೆ ಮೇಡಂ?"

ಅವರು ಮುಚ್ಚುಮರೆ ಮಾಡಲಿಲ್ಲ. ಕಾರಿನ ಬಾನೆಟ್ ಮೇಲೆ ಲ್ಯಾಪ್‌ಟಾಪ್ ತೆರೆದು ಡ್ರೋನ್ ಹಿಡಿದ ಚಿತ್ರ ತೋರಿಸಿದರು. "ಮೊದಲಿನ ದಾರೀಲಿ ಮನೆಗಳಿದ್ವು. ಬೇರೆ ಹುಡುಕ್ದಾಗ ಸಿಕ್ಕಿದ ಖಾಲಿ ಜಾಗ ಇದೊಂದೇ. ಪಹಣೀಲೂ ಸರ್ಕಾರಿ ಬೀಳು ಅಂತಿದೆ."

ಚಿತ್ರದಲ್ಲಿ ನಮ್ಮ ಮಣ್ಣಿನ ಜಾಗ ಗುಡಿಸಿ ಸಾರಿಸಿದ ಅಂಗಳದಂತಿತ್ತು. ಒಂದು ಮುಳ್ಳುಗಿಡವಿಲ್ಲ, ಒಂದು ಸಮಾಧಿಯ ಗುಡ್ಡೆಯಿಲ್ಲ.

ನಾನು ಅಪ್ಪನನ್ನು ನೋಡಿದೆ. ಅಪ್ಪ ನೆಲ ನೋಡಿದರು. ಡ್ರೋನ್ ಬರುತ್ತದೆ ಅಂತ ಸುದ್ದಿ ಬಂದಾಗ ಇಡೀ ಕಾಲೋನಿಯನ್ನು ಎಬ್ಬಿಸಿ, ಲಂಟಾನ ಕಡಿಸಿ, ಜೆಸಿಬಿ ತರಿಸಿ ನೆಲ ಮಟ್ಟ ಮಾಡಿಸಿದ್ದು ಅವರೇ.

"ಮೇಲಿಂದ ಫೋಟೋ ಹಿಡೀತಾರೆ ಅಂದ್ರು ಕಣೇ ರಮಾ," ಅಂದರು. ದನಿ ಇಳಿದಿತ್ತು. "ಇವ್ರ ಕಾಲೋನಿ ಅಂದ್ರೆ ಗಲೀಜು ಅಂತ ಯಾರೂ ಅನ್ಬಾರ್ದು ಅಂತ ಮಾಡ್ಸ್‌ದೆ."

ನನಗೆ ನಗು ಬಂತು. ಯಾವ ದೊಡ್ಡವರ ಕೈಯೂ ಬೇಕಾಗಿರಲಿಲ್ಲ. ಕಂಡವರ ಕಣ್ಣಿಗೆ ಚೆನ್ನಾಗಿ ಕಾಣಬೇಕು ಅಂತ ಹೋಗಿ ನಾವೇ ನಮ್ಮವರನ್ನು ಕಾಣದ ಹಾಗೆ ಮಾಡಿದ್ದೆವು. ಅಪ್ಪನ ಮೇಲೆ ರೇಗಬೇಕು ಅನ್ನಿಸಿತು, ಆ ಮುಖ ನೋಡಿ ಆಗಲಿಲ್ಲ.

ಮೇಧಿನಿ ಲ್ಯಾಪ್‌ಟಾಪ್ ಮುಚ್ಚಿದರು. ಆಮೇಲೆ, "ಸಮಾಧಿಗಳು ಎಲ್ಲೆಲ್ಲಿವೆ ತೋರ್ಸಿ. ಅಷ್ಟು ಜಾಗ ಬಿಟ್ಟು ಗೆರೆ ಸರಿಸ್ಬೇಕು ಅಂತ ಬರೀತೀನಿ. ಗುರುತೇ ಇಲ್ದೆ ನಾನೇನು ಬರೀಲಿ?" ಅಂದರು.

ಎಲ್ಲರೂ ಅಜ್ಜಿಯತ್ತ ತಿರುಗಿದರು. ವರ್ಷಾವರ್ಷ ತಪ್ಪದೆ ಬಂದು ತಾತನಿಗೆ ಎಡೆ ಇಡುವವಳು ಅವಳು. ಸೆರಗು ಸಿಕ್ಕಿಸಿಕೊಂಡು ದಡದಡ ನಡೆದಳು. ನಡುವೆ ನಿಂತಳು. ಎಡಕ್ಕೆ ಹೋದಳು, ವಾಪಸ್ ಬಂದಳು. ಬಗ್ಗಿ ಮಣ್ಣು ಮುಟ್ಟಿ ನೋಡಿದಳು.

"ಗುಡ್ಡೆ ನೋಡ್ಕಂಡು ಬತ್ತಿದ್ದೆ," ಅಂದಳು. ಅಪ್ಪ ಹೋಗಿ ಕೈ ಹಿಡಿಯಲು ನೋಡಿದರು. ಕೊಡವಿಬಿಟ್ಟಳು.

ಮೇಧಿನಿ ಮೆಲ್ಲಗೆ ಹತ್ತಿರ ಹೋದರು. "ಅಂದಾಜಿಗೆ ಹೇಳಿ ಅಜ್ಜಿ, ಪರವಾಗಿಲ್ಲ. ನೀವು ಎಲ್ಲಿ ಅಂತೀರೋ ಅಲ್ಲಿ ಬಿಡಿಸೋಕೆ ನೋಡ್ತೀನಿ."

ಅಜ್ಜಿ ಆ ಬಯಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು.

"ಎಲ್ಲವ್ನೆ ಅಂತ ಗೊತ್ತಾಯ್ತಿಲ್ಲ ಕಣವ್ವ. ಅದ್ಕೇ ಎಲ್ಲಾನೂ ಬಿಡ್ಬೇಕು."