ಮರಲ ಮೀನಿನ ಮರುಳ

ಗಡಿಗಿ ಮುಚ್ಚಳ ತಗದ್ರ ಒಳಗ ಕಪ್ಪಿ. ಅರಿಶಿಣದ ಡಬ್ಬಿ ತಗದ್ರ ಎರೆಹುಳ. ಮಲ್ಕಮ್ಮ ತನ್ನ ಮನ್ಯಾಗ ಯಾವ ಮುಚ್ಚಳ ತಗೀಬೇಕಾದ್ರೂ ಮದಲ ಸೌಟಿಲೆ ಬಡದ ನೋಡತಿದ್ಳು. ಮಳಿಗಾಲ ಮುಗದಾಗಿಂದ ಗಂಡ ಭೀಮಶಾಗ ಮರಲ ಮೀನಿನ ಮರುಳ ಹಿಡದಿತ್ತು. ಅತನೂರ ಹಳ್ಳದ ಮಡುವಿನ್ಯಾಗ, ಆಳೆತ್ತರದ ಆಪಿನ ಹುಲ್ಲಿನೊಳಗ, ತೊಡಿ ದಪ್ಪದ ಒಂದು ಮರಲ ಮನಿ ಮಾಡಿತ್ತು. ಅದನ್ನ ಎಳದ ತರತೇನಿ ಅಂತ ಕಟ್ಟಿ ಮ್ಯಾಲ ಕುಂತವರ ಮುಂದ ಮೀಸಿ ತಿರುವಿ ಬಂದಿದ್ದ.

ಗಾಳ ಇತ್ತು, ಗೋಳು ದಾರದ್ದು. ಯುದ್ಧದ ಕಾಲ, ಪ್ಯಾಟ್ಯಾಗ ಗಟ್ಟಿ ದಾರ ಸಿಗತಿದ್ದಿಲ್ಲ. ಹತ್ತಿ ನೂಲು ಹೊಸೆದು ಬಿಟ್ಟ; ಮೀನ ಅದನ್ನ ಹುಲ್ಲಿಗೆ ಸುತ್ತಿ ಪಟ್ ಅಂತ ಹರಕೊಂಡ ಹೋತು. ಪುಂಡಿ ನಾರಿನ ಹುರಿ ಹಾಕಿದ. ಅದು ನೀರ ಕುಡದು ಹಗ್ಗ ಆತು, ಮೀನ ಹತ್ರ ಸುಳೀಲಿಲ್ಲ. ಹುರೀನೂ ಇಲ್ಲ, ಹುರಿಯಾಕ ಮೀನೂ ಇಲ್ಲ. ಪಾಟೀಲರ ಕುದರಿ ಬಾಲಕ್ಕ ಕೈ ಹಾಕಿದ. ಕೂದಲ ಬರಲಿಲ್ಲ, ಒದಿ ಬಂತು.

"ಆಪಿನ್ಯಾಗ ಬಿಡೋ ದಾರ ಸಣ್ಣಗಿರಬೇಕು, ಗಟ್ಟಿ ಇರಬೇಕು, ಹುಲ್ಲು ಕೊಯ್ಕೊಂಡ ಬರಬೇಕು" ಅಂದ ಭೀಮಶಾ, ಸೊಂಟ ತಿಕ್ಕೋತ. "ರೇಶಿಮಿ ಬಿಟ್ರ ದಾರೀನೇ ಇಲ್ಲ. ಎಳಿ ಇದ್ರ ಎಳೀತೇನಿ ಮಲ್ಕಿ."

ಆತನ ಕಣ್ಣು ಗೂಟಕ್ಕ ತೂಗಹಾಕಿದ ಗಂಟಿನ ಮ್ಯಾಲಿತ್ತು. ಅದರಾಗ ಮಲ್ಕಮ್ಮನ ಇರಕಲ್ ಸೀರಿ. ಸತ್ತ ಅವ್ವ ಉಡಸಿದ್ದು, ಆಕಿ ಹತ್ರ ಇದ್ದ ಒಂದಾ ರೇಶಿಮಿ ಸೆರಗು. ಜೇವರ್ಗ್ಯಾಗ ಅಕ್ಕನ ಮಗಳ ಲಗ್ನಕ್ಕ ಉಡಬೇಕಂತ ಕಾಯ್ದಿಟ್ಟಿದ್ಳು.

"ಸೆರಗಿಗಿ ಕೈ ಹಚ್ಚಿದ್ರ ನೋಡ್ರಿ ಮತ್ತ."

"ಇಡೀ ಸೆರಗಲ್ಲ, ನಾಕ ಎಳಿ."

"ಇವತ್ತ ನಾಕ ಎಳಿ, ನಾಳಿ ನಾಕ ಗೇಣು. ಲಗ್ನಕ್ಕ ನಾ ಆಪು ಸುತಗೊಂಡ ಹೋಗ್ಲೇನು? ದೂರ ಸರೀರಿ. ಪುಂಡಿ ನಾರ ಮುಗೀತು, ಈಗ ನೀವಾ ನಾರಾಕತ್ತೀರಿ."

ಮರುದಿನ ನೀರ ತಂದ ಕೊಡ ಇಳಸೋದ್ರೊಳಗ ಗಂಟು ಬಿಚ್ಚಿತ್ತು. ಸೆರಗಿನ ತುದ್ಯಾಗ ಭೀಮಶಾನ ಹೆಬ್ಬಟ್ಟಿನ ಗುರ್ತು, ಮೀನ ಲೋಳಿದು. ಮಲ್ಕಮ್ಮ ಆತನ ಕೈಯಾಗಿಂದ ಸೀರಿ ಕಸಕೊಂಡು ಉಟಗೊಂಡು, ಲಗ್ನ ಇನ್ನಾ ದೂರ ಇದ್ರೂ ಜೇವರ್ಗಿ ಕಡಿ ಹೊಂಟ ಚಕ್ಕಡಿ ಹತ್ತಿಬಿಟ್ಳು.

ಲಗ್ನದ ದಿನ ಆಕಿ ಪಂಕ್ತಿಗಿ ಹೋಳಿಗಿ ಬಡಸಾಕತ್ತಿದ್ಳು. ಅತನೂರ ಓಣಿಯ ಕಾಶಿಬಾಯಿ ಎದಿ ಬಡಕೋತ ಹಂದರದೊಳಗ ಬಂದ್ಳು.

"ಅಯ್ಯ ನನ್ನ ಮಲ್ಕವ್ವಾ, ಹೋಗಿಬಿಟ್ಯಾ!"

"ಯಾಕ ಬೇ ಕಾಶವ್ವ, ಯಾರ ಹೋದ್ರು?"

ಕಾಶಿಬಾಯಿ ಅಳೋದ ನಿಲ್ಲಿಸಿ ಕಣ್ಣ ಪಿಳಿಪಿಳಿ ಬಿಟ್ಳು. "ಹೋದಾಕಿ ನೀನಾ! ನಿನ್ನ ಸತ್ತ ಮಾರಿ ನೋಡಾಕ ಬಂದೇನಿ."

"ನಾ ಯಾವಾಗ ಸತ್ತೆ?"

"ಭೀಮಶಾಣ್ಣ ಹಳ್ಳದಾಗ ಜಳಕಾ ಮಾಡಾಕತ್ತಿದ್ದ. ನಡದಾಗ ಉಡದಾರ ಇಲ್ಲ! ಹೇಣ್ತಿ ಸತ್ತವ ಬಿಟ್ರ ಗಂಡಸು ಯಾವಾಗರ ಉಡದಾರ ತಗೀತಾನೇನು? ಏನಾತು ಅಂದ್ರ, 'ಹೋತು, ಕೈಯಾಗಿಂದ ಹೋತು, ಅಂಥಾದ್ದು ಮತ್ತ ಸಿಗಂಗಿಲ್ಲ' ಅಂತ ಅತ್ತ. ಊರಿಗೂರೇ ಅತ್ತದ ಮಲ್ಕವ್ವ."

ಮಲ್ಕಮ್ಮಗ ಎಲ್ಲಾ ತಿಳೀತು. ಗಂಡನ ಉಡದಾರ ಕರೀ ರೇಶಿಮಿದು. ಸೆರಗ ಸಿಗಲಿಲ್ಲ, ಸೊಂಟದ್ದನ್ನ ಬಿಡಿಸಿ ಎಳಿ ಎಳಿ ಗಂಟ ಹಾಕ್ಯಾನ. ಎಂಥಾ ಉದಾರಿ, ಮೀನಿಗಿ ಉಡದಾರ ಉಡುಗೊರಿ! ಕಣ್ಣೀರ ಹೇಣ್ತಿ ಸಲುವಾಗಿ ಅಲ್ಲ, ಗಂಟ ಬಿಚ್ಚಿ ಹೋದ ಮರಲಿನ ಸಲುವಾಗಿ.

"ಇನ್ನೂ ಕೇಳು" ಅಂದ್ಳು ಕಾಶಿಬಾಯಿ, ಹೋಳಿಗಿಗಿ ಕೈ ಚಾಚಿ. "ನಮ್ಮ ಓಣಿ ಬಾಳಮ್ಮ ತನ್ನ ತಂಗಿ ಮಗಳನ್ನ ಆತಗ ಕೊಡತೇನಿ ಅಂತ ಬಂದಿದ್ಳು. ಅಣ್ಣ ಒಂದಾ ಮಾತ ಕೇಳ್ದ."

"ಏನಂತ?"

"ಹುಡಗಿ ಹತ್ರ ರೇಶಿಮಿ ಸೀರಿ ಅದಾವೇನು ಅಂತ."

ಮಲ್ಕಮ್ಮಗ ಬಾಯಾಗಿನ ಎಲಿ ಅಡಿಕಿ ಕಹಿ ಆತು. ಉಗುಳಿ ಬಂದ್ಳು.

ಲಗ್ನ ಮುಗಿಸಿ ಆಕಿ ಅತನೂರಿಗಿ ಬಂದಾಗ ಭೀಮಶಾ ಹೊಸ್ತಲದಾಗ ಕುಂತಿದ್ದ. "ಬಂದೀ? ಬಿಸಿ ರೊಟ್ಟಿ ಕಂಡು ಬಾಳ ದಿನ ಆತು. ಒಲಿ ಹಚ್ಚು."

ಮಲ್ಕಮ್ಮ ಸೆರಗ ಸರಿ ಮಾಡಿ ಕಟ್ಟಿ ಮ್ಯಾಲ ಕುಂತ್ಳು. "ಸತ್ತಾಕಿ ಒಲಿ ಹಚ್ಚೋದು ಎಲ್ಲ್ಯಾರ ಕಂಡೀರೇನು?"

"ಯಾವ ಸುಳಮಗ ನೀ ಸತ್ತೀ ಅಂದ?"

"ಉಡದಾರ ತೋರಸ್ರಿ."

ಭೀಮಶಾ ಧೋತರ ಗಟ್ಟಿ ಹಿಡಕೊಂಡ. ಓಣಿ ಮಂದಿ ಆಗಲೇ ಬಾಗಲಕ್ಕ ನೆರೆದಿತ್ತು, ಅತ್ತವರೆಲ್ಲಾ ಈಗ ನಗಾಕತ್ತಿದ್ರು.

"ಸತ್ತವರಿಗಿ ಎಡಿ ಇಡತಾರ್ರಿ. ನನಗ ಹೋಳಿಗಿ ಸೇರತದ, ಜೋಡಿ ಕಟ್ಟಿನ ಸಾರ ಇರಲಿ. ಮದಲ ಆ ಕೈ ಬೂದಿ ಹಚ್ಚಿ ತಿಕ್ಕಿ ತೊಳೀರಿ."

ಸಂಜಿತನಾ ಭೀಮಶಾ ಹೊಗ್ಯಾಗ ಕೆಮ್ಮಿ ಕೆಮ್ಮಿ, ಹರಕ ಚಾಪಿಯಂಥಾ ಒಂದು ಹೋಳಿಗಿ ತಂದಿಟ್ಟ. ಮಲ್ಕಮ್ಮ ಮೂಸಿ ನೋಡಿ, ಮೂಗ ಮುಚ್ಚಿ, ತಾಟ ದೂಡಿದ್ಳು.

"ಥೂ, ಕೆಸರ ವಾಸನಿ. ಇರಲಿ, ಇದು ಮೂರನೇ ದಿನದ ಎಡಿ ಅಂತ ಹಿಡೀತೇನಿ. ಒಂಬತ್ತನೇ ದಿನದ್ದರ ನೆಟ್ಟಗ ಮಾಡ್ರಿ."